ಗಡ್ಡೆಯ ಅಂಚಿಗೆ ಬೆಳಕು ಹಿಡಿಯುವುದು ಹೇಗೆ?

‘ಈಗ ಲೈಟ್ ಬಿಟ್ಟರೆ ಕ್ಯಾನ್ಸರ್ ಎಲ್ಲೀ ತನಕ ಇದೆ ಅಂತ ಗೊತ್ತಾಗುತ್ತಂತಲ್ಲ ಡಾಕ್ಟ್ರೇ?’ ಬಾಯಿ ಕ್ಯಾನ್ಸರ್ ಆಪರೇಷನ್ನಿಗೆ ಬಂದವರ ಮನೆಯವರು ಈಚೆಗೆ ಕೇಳುವ ಮಾತು. ಗೊತ್ತಾಗುತ್ತದೆ, ನೆಟ್ಟಗೆ ಹಿಡಿದರೆ. ಹೊಸದಾಗಿ ಥಿಯೇಟರಿಗೆ ಬರುವ ಕಿರಿಯರು ಎಡವುವುದು ಅಲ್ಲೇ.

ಮೊದಲು ಲೆಕ್ಕ. ಮೈಕ್ರೋಸ್ಕೋಪಿನಡಿ ಗಡ್ಡೆಯ ಸುತ್ತ 5 ಮಿ.ಮೀ. ಒಳ್ಳೆಯ ಮಾಂಸ ಕಂಡರೆ ಅಂಚು ಸ್ವಚ್ಛ. ಕೊಯ್ದ ತುಂಡು ಮುದುಡಿಕೊಳ್ಳುತ್ತದಾದ್ದರಿಂದ ಬಾಯಿಯಲ್ಲಿ ಸುಮಾರು 1 ಸೆಂ.ಮೀ. ಬಿಟ್ಟು ಗೆರೆ ಎಳೆಯಬೇಕು.

ಗೆರೆ ಎಳೆಯುವ ಮುನ್ನ ನೀಲಿ ಬೆಳಕು. ಥಿಯೇಟರಿನ ದೀಪಗಳನ್ನು ಆರಿಸಿ. ಮಂದ ಮಾಡಿದರೆ ಸಾಲದು. 400ರಿಂದ 460 ನ್ಯಾನೋಮೀಟರಿನ ಬೆಳಕಿಗೆ ಆರೋಗ್ಯವಾಗಿರುವ ಒಳಕೆನ್ನೆ ಹಸಿರಾಗಿ ಹೊಳೆಯುತ್ತದೆ, ಕೆಟ್ಟ ಜಾಗ ಕಪ್ಪಾಗುತ್ತದೆ. ಆದರೆ ರಕ್ತವೂ ಕಪ್ಪೇ, ಬಯಾಪ್ಸಿ ಮಾಡಿದ ಗಾಯವೂ ಕಪ್ಪೇ, ಚೂಪು ಹಲ್ಲು ಉಜ್ಜಿ ಕೆಂಪಾದ ಜಾಗವೂ ಕಪ್ಪೇ. ಗಾಜಿನ ಸ್ಲೈಡಿನಿಂದ ಒತ್ತಿ ನೋಡಿ: ಹಸಿರು ಮರಳಿದರೆ ಅಲ್ಲಿ ರಕ್ತ ಸೇರಿಕೊಂಡಿತ್ತು ಅಷ್ಟೆ, ಮರಳದಿದ್ದರೆ ಅನುಮಾನಪಡಿ. ಗುಟ್ಕಾ, ಅಡಿಕೆ ಜಗಿದು ಬಿಗಿದುಕೊಂಡ ಕೆನ್ನೆಯಲ್ಲಿ ಕೊಲಾಜೆನ್ ಎಂಬ ನಾರು ತುಂಬಿರುವುದರಿಂದ ಹೊಳಪಿನ ರೀತಿಯೇ ಬೇರೆ. ಪಠ್ಯಪುಸ್ತಕದ ಚಿತ್ರ ಅಲ್ಲಿ ನಡೆಯದು. ಆನ್‌ಲೈನಿನಲ್ಲಿ ಕಿತ್ತಳೆ ಕನ್ನಡಕದ ಜೊತೆ ಬರುವ ಅಗ್ಗದ ನೀಲಿ ಟಾರ್ಚನ್ನಂತೂ ಮುಟ್ಟಲೇಬೇಡಿ.

ನೀಲಿ ಬೆಳಕಿನ ಮೇಲೆ ಅತಿ ನಂಬಿಕೆಯೂ ಬೇಡ. ಅದು ಮೇಲ್ಪದರ ದಾಟಿ ಹೆಚ್ಚು ಇಳಿಯುವುದಿಲ್ಲ. ಕೆನಡಾದ ‘ಕೂಲ್ಸ್’ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು: ಈ ಬೆಳಕು ಹಿಡಿದು ಆಪರೇಷನ್ ಮಾಡಿಸಿಕೊಂಡವರಲ್ಲೂ ಮಾಮೂಲಾಗಿ ಮಾಡಿಸಿಕೊಂಡವರಲ್ಲೂ ಕಾಯಿಲೆ ಮರುಕಳಿಸುವುದರಲ್ಲಿ ವ್ಯತ್ಯಾಸವಿರಲಿಲ್ಲ.

ಇನ್ನು ಎಲ್ಲರೂ ಕೆಡಿಸುವ ಹಂತ: ದಿಕ್ಕು. ಒಂದು ಕಡೆ ನಾನೇ ನೋಡಿದ್ದು: ತುಂಡು ಟ್ರೇಯಲ್ಲಿ ಪಕ್ಕದ ಕೋಣೆಗೆ ಹೋಯಿತು, ಗುರುತಿನ ದಾರ ಕಳಚಿತು, ಯಾರೋ ಮಗುಚಿಟ್ಟರು. ‘ಹಿಂದಿನ ಅಂಚು ಕೆಟ್ಟಿದೆ’ ಎಂದು ವರದಿ ಬಂದಾಗ ಹಿಂದು ಯಾವುದೆಂದು ಯಾರಿಗೂ ಗೊತ್ತಿಲ್ಲ. ಒಂದು ಹೊಲಿಗೆ ಹಾಕಿ ‘ಇದು ಮೇಲುಗಡೆ’ ಅನ್ನುವ ಅಡ್ಡದಾರಿ ನನಗೆ ಸೇರುವುದೇ ಇಲ್ಲ. ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್‌ನವರ ಪದ್ಧತಿ ಅನುಸರಿಸಿ: ಕೊಯ್ಯುತ್ತಾ ಹೋದಂತೆ ಗೆರೆಯ ಎರಡೂ ಬದಿಗೆ ಒಂದೇ ನಂಬರಿನ ಪುಟ್ಟ ಬಿಲ್ಲೆಗಳನ್ನು ಜೋಡಿಯಾಗಿ ಹೊಲಿಯಿರಿ. ಮೇಲೆ ಹಾಕಿದರೆ ಸಾಲದು, ಆಳದಲ್ಲೂ ಹಾಕಿ. ತುಂಡಿನ ಜೊತೆ ಒಂದು 4 ಹೋದರೆ ಬಾಯಲ್ಲಿ ಇನ್ನೊಂದು 4 ಉಳಿಯುತ್ತದೆ.

ತುಂಡನ್ನು ಸಲೈನಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ. ಬಿಳಿ ಬಟ್ಟೆಯ ಮೇಲಿಡಬೇಡಿ, ಅದೇ ಹೊಳೆದು ಕಣ್ಣಿಗೆ ಮೋಸ ಮಾಡುತ್ತದೆ. ಹೊಳಪಿಲ್ಲದ ಕಪ್ಪು ಹಾಳೆಯೇ ಸರಿ. ಅಂಚು ಗುರುತಿಸಲು ಪೆಥಾಲಜಿಯವರು ಹಚ್ಚುವ ಬಣ್ಣದ ಇಂಕು, ಹೊಳಪಿನ ಚಿತ್ರ ತೆಗೆದ ಮೇಲೆ.

ಆಳದ ಅಂಚಿಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೇಕು. ಗಡ್ಡೆಗೆ ಅಂಟುವ ಆಂಟಿಬಾಡಿ ಎಂಬ ಪ್ರೋಟೀನಿಗೆ ಇನ್‌ಫ್ರಾರೆಡ್‌ನಲ್ಲಿ ಹೊಳೆಯುವ ಬಣ್ಣ ಕಟ್ಟಿ, ಆಪರೇಷನ್ನಿಗೆ ಒಂದೆರಡು ದಿನ ಮೊದಲೇ ರಕ್ತನಾಳಕ್ಕೆ ಕೊಡುವ ಪ್ರಯೋಗಗಳು ಅಮೆರಿಕದ ಸ್ಟ್ಯಾನ್‌ಫರ್ಡ್, ನೆದರ್‌ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ನಡೆದಿವೆ. ತುಂಡನ್ನು ಮಗುಚಿ, ಕೊಯ್ದ ಮುಖ ಮೇಲೆ ಬರುವಂತಿಟ್ಟು, ಪರದೆಯಲ್ಲಿ ಎಲ್ಲಕ್ಕಿಂತ ಪ್ರಖರವಾದ ಚುಕ್ಕಿ ಹುಡುಕಬೇಕು. ಗಡ್ಡೆ ಅಂಚಿಗೆ ತೀರಾ ಹತ್ತಿರವಿರುವುದು ಬಹುಮಟ್ಟಿಗೆ ಅಲ್ಲೇ. ಹತ್ತು ಕಡೆ ಚೂರು ತೆಗೆಯುವ ಬದಲು ಫ್ರೋಜನ್ ಸೆಕ್ಷನ್ನಿಗೆ (ಚೂರನ್ನು ಹೆಪ್ಪುಗಟ್ಟಿಸಿ, ಆಪರೇಷನ್ ನಡುವೆಯೇ ಮೈಕ್ರೋಸ್ಕೋಪಿನಡಿ ನೋಡುವ ಪರೀಕ್ಷೆ) ಆ ಜಾಗವನ್ನೇ ಕಳಿಸಿ, ಚೀಟಿಯಲ್ಲಿ ಪಕ್ಕದ ಬಿಲ್ಲೆಯ ನಂಬರ್ ಬರೆಯಿರಿ.

ಅಲ್ಲಿಂದ ಫೋನ್ ಬರಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಕಾಯಿರಿ. ‘4ರ ಹತ್ತಿರ ಕೆಟ್ಟಿದೆ’ ಎಂದರೆ ಬಾಯಲ್ಲಿನ 4ರ ಬಳಿ ಇನ್ನಷ್ಟು ತೆಗೆಯಿರಿ. ಗಾಯ ಮುಚ್ಚುವ ಮುನ್ನ ಒಳಗಿರುವ ಬಿಲ್ಲೆಗಳನ್ನು ಒಂದೊಂದಾಗಿ ಎಣಿಸಿ ಹೊರತೆಗೆಯಲು ಮರೆಯಬೇಡಿ.