ಅಲುಗಾಡುವ ಕುರ್ಚಿಗೆ ಮೊಳೆ ಬೇಡ, ಹಗ್ಗ ಬೇಕು

ಧಾರವಾಡದ ಹಳೇ ಮನೆಗಳಲ್ಲಿ ದಾಂಡೇಲಿ ಸಾಗವಾನಿಯ ಒಂದಾದರೂ ಕುರ್ಚಿ ಕಾಲು ಅಲುಗಾಡಿಸುತ್ತ ಮೂಲೆ ಹಿಡಿದಿರುತ್ತದೆ. ಮನೆಗೆ ಬಂದ ಬೀಗರಲ್ಲೊಬ್ಬರು ಅದನ್ನು ನೋಡಿ, ‘ಒಂದು ಮೊಳಿ ಹೊಡದ್ರ ಮುಗೀತು, ಸುತ್ತಿಗಿ ಕೊಡ್ರಿ’ ಅನ್ನುತ್ತಾರೆ. ಕೊಡಬೇಡಿ. ಹೀಗೆ ಸುತ್ತಿಗೆಗೆ ಬಲಿಯಾದ ನಾಲ್ಕು ಕುರ್ಚಿಗಳನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಮೊಳೆ ಒಂದು ತಿಂಗಳು ಹಿಡಿಯುತ್ತದೆ, ಆಮೇಲೆ ಅದೇ ಮೊಳೆ ಕಟ್ಟಿಗೆಯನ್ನು ಸೀಳುತ್ತದೆ. ಕೀಲು ಬಿಚ್ಚಿ, ಹೊಸ ಅಂಟು ಹಚ್ಚಿ, ಅದು ಒಣಗುವ ತನಕ ಹಗ್ಗದಿಂದ ಬಿಗಿದಿಡುವುದೇ ಸರಿಯಾದ ದಾರಿ.

ಎರಡು ದಿನ ರಜೆ ಸಿಕ್ಕರೆ ಎಲ್ಲರೂ ಮೊದಲು ಮನೆ ಹಸನು ಮಾಡಿ, ಸುಸ್ತಾದ ಮೇಲೆ ಕುರ್ಚಿ ಹಿಡಿಯುತ್ತಾರೆ. ಉಲ್ಟಾ ಮಾಡಿ. ಅಂಟು ಗಟ್ಟಿಯಾಗಲು 24 ತಾಸು ಬೇಕು. ಶನಿವಾರ ಚಹಾ ಮುಗಿಸಿ ಅಂಟು ಹಚ್ಚಿಟ್ಟರೆ, ಅದು ಒಣಗುವಷ್ಟರಲ್ಲಿ ಅಟ್ಟವೂ ಖಾಲಿ, ಕಪಾಟೂ ಖಾಲಿ.

ಶುಕ್ರವಾರ ಸಂಜೆ: ಬಿಚ್ಚುವುದು

ಮೊದಲು ಯಾವುದನ್ನು ಉಳಿಸಬೇಕು ಅಂತ ನೋಡಿ. ಸ್ಕ್ರೂಡ್ರೈವರ್ ತುದಿಯಿಂದ ಕಾಲಿನ ಬುಡ ಚುಚ್ಚಿ. ಬೆಣ್ಣೆಯೊಳಗೆ ಹೋದಂತೆ ಹೋದರೆ ಒರಲಿ ತಿಂದಿದೆ, ಬಿಟ್ಟುಬಿಡಿ. ಮರದ ಹುಡಿ ಒತ್ತಿ ಮಾಡಿದ ಹಲಗೆಯ ಕಪಾಟು ನೀರು ಕುಡಿದು ಉಬ್ಬಿದ್ದರೆ ಅದಕ್ಕೂ ಔಷಧವಿಲ್ಲ.

ಕುರ್ಚಿಯನ್ನು ತಲೆಕೆಳಗು ಮಾಡಿ, ಪ್ರತಿ ಕೀಲಿನ ಎರಡೂ ಬದಿಗೆ ಸೀಮೆಸುಣ್ಣದಿಂದ ಒಂದೇ ನಂಬರು ಬರೆಯಿರಿ. ಇದನ್ನು ಬಿಟ್ಟವರು ಮರುದಿನ ಅಡ್ಡಪಟ್ಟಿಗಳನ್ನು ಹರವಿಕೊಂಡು ಅಳುತ್ತಾರೆ. ಹಿಂದಿನ ರಿಪೇರಿಯ ಮೊಳೆ ಒಳಗಿದ್ದರೆ ಮೊದಲು ಪಕ್ಕಡದಿಂದ ಕೀಳಿ. ಆಮೇಲೆ ಕೀಲಿನ ಪಕ್ಕಕ್ಕೆ ಹಳೇ ಬಟ್ಟೆ ಸುತ್ತಿದ ಕಟ್ಟಿಗೆ ತುಂಡು ಇಟ್ಟು ಮೆಲ್ಲಗೆ ತಟ್ಟಿ, ನೇರವಾಗಿ ಹೊರಗೆ ಎಳೆಯಿರಿ. ತಿರುಚಬೇಡಿ. ಗಟ್ಟಿಯಾಗಿ ಕೂತ ಕೀಲನ್ನು ಮುಟ್ಟಲೇಬೇಡಿ.

ಕೆಲಸ ಕೆಡುವುದೇ ಇಲ್ಲಿಂದ ಮುಂದೆ. ಹೊಸ ಅಂಟು ಹಿಡಿಯುವುದು ಕಟ್ಟಿಗೆಯ ನಾರಿನೊಳಗೆ ಇಳಿದು. ಅಲ್ಲಿ ಹಳೇ ಅಂಟು ಕೂತಿದ್ದರೆ ಇಳಿಯಲು ಜಾಗವಿಲ್ಲ. ಆದ್ದರಿಂದ ಹಳೆಯದರ ಮೇಲೆ ಎಷ್ಟು ಫೆವಿಕಾಲ್ ಸುರಿದರೂ ಗಾಜಿಗೆ ಸುಣ್ಣ ಬಳಿದಂತೆ. ಫೆವಿಕಾಲ್ ಬಂದದ್ದು 1959ರಲ್ಲಿ. ನಿಮ್ಮ ಕುರ್ಚಿ ಅಜ್ಜನ ಮದುವೆ ಕಾಲದ್ದಾದರೆ ಕೀಲಿನೊಳಗಿರುವುದು ಸರೇಸು ಇರಬಹುದು, ದನದ ಚರ್ಮ, ಎಲುಬು ಕುದಿಸಿ ಮಾಡುತ್ತಿದ್ದ ಕಂದು ಅಂಟು. ಅದು ಬಿಸಿನೀರಿಗೇ ಕರಗುತ್ತದೆ. ಬಿಳಿ ಅಂಟಾದರೆ ಬೆಚ್ಚಗೆ ಮಾಡಿದ ವಿನೆಗರಿನಲ್ಲಿ ಬಟ್ಟೆ ಅದ್ದಿ ಅರ್ಧ ತಾಸು ಸುತ್ತಿಡಿ. ಮೆತ್ತಗಾದ ಮೇಲೆ ಮುರಿದ ಆಕ್ಸಾ ಬ್ಲೇಡಿನ ಅಂಚಿನಿಂದ ಕೆರೆಯಿರಿ. ತೂತಿನ ಒಳಗೋಡೆಯನ್ನೂ ಬಿಡಬೇಡಿ.

ಸ್ಯಾಂಡ್ ಪೇಪರ್ ಮಾತ್ರ ಬೇಡ. ಉಜ್ಜಿದರೆ ಅಂಟಿನ ಜೊತೆ ಕಟ್ಟಿಗೆಯೂ ಹೋಗುತ್ತದೆ. ತೂತಿಗೆ ಬಿಗಿಯಾಗಿ ಕೂರಬೇಕಾದ ಗೂಟ ಸಣ್ಣದಾಗಿ, ಮೊದಲಿಗಿಂತ ಹೆಚ್ಚು ಅಲುಗಾಡುತ್ತದೆ. ಕೆರೆದದ್ದಾದ ಮೇಲೆ ನೀರಿನ ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ರಾತ್ರಿಯಿಡೀ ಒಣಗಲು ಬಿಡಿ.

ಶನಿವಾರ ಬೆಳಗ್ಗೆ: ಅಂಟು, ಹಗ್ಗ

ಅಂಟಿಲ್ಲದೆ ಒಮ್ಮೆ ಎಲ್ಲ ಜೋಡಿಸಿ ನೋಡಿ. ಗೂಟ ಲಟಪಟ ಅಂದರೆ ಬಡಿಗೇರ ಅಂಗಡಿಗೆ ಹೋಗಿ ಕೀಸುಳಿಯಿಂದ ಬಿದ್ದ ಸಿಪ್ಪೆ ಒಂದು ಹಿಡಿ ಕೇಳಿ, ಸುಮ್ಮನೆ ಕೊಡುತ್ತಾರೆ. ತೆಳುವಾದ ಒಂದು ಸಿಪ್ಪೆಯನ್ನು ಗೂಟಕ್ಕೆ ಅಂಟಿಸಿದರೆ ಸಂದು ತುಂಬುತ್ತದೆ. ಹುಡಿಗೆ ಫೆವಿಕಾಲ್ ಕಲಸಿ ತುಂಬುವವರಿದ್ದಾರೆ. ಅದು ಗೋಡೆಯ ತೂತಿಗೆ ಸರಿ, ಮನುಷ್ಯ ಕೂರುವ ಕುರ್ಚಿಗಲ್ಲ. ಕ್ಷಣದಲ್ಲಿ ಅಂಟುವ ಪುಟ್ಟ ಟ್ಯೂಬುಗಳೂ ಅಷ್ಟೇ: ಗಾಜಿನಂತೆ ಬಿರುಸಾಗಿ, ಒಂದು ಹೊಯ್ದಾಟಕ್ಕೆ ಚಟ್ ಅನ್ನುತ್ತವೆ. (ಕಪಾಟಿನ ಬಾಗಿಲ ಸ್ಕ್ರೂ ತೂತು ದೊಡ್ಡದಾಗಿದ್ದರೆ ಅಂಟು ಹಚ್ಚಿದ ಎರಡು ಬೆಂಕಿಕಡ್ಡಿ ತುರುಕಿ ಅದೇ ಸ್ಕ್ರೂ ತಿರುಗಿಸಿ. ನಾನು ಒಪ್ಪುವ ಅಡ್ಡದಾರಿ ಇದೊಂದೇ.)

ಅಂಟನ್ನು ತೂತಿಗೆ ಸುರಿಯಬೇಡಿ. ತುಂಬಿದ ತೂತಿಗೆ ಗೂಟ ಪೂರ್ತಿ ಇಳಿಯುವುದಿಲ್ಲ, ಬಡಿದರೆ ಕಾಲೇ ಸೀಳೀತು. ಕಡ್ಡಿಯಿಂದ ತೂತಿನ ಗೋಡೆಗೂ ಗೂಟಕ್ಕೂ ತೆಳ್ಳಗೆ ಸವರಿ. ಹತ್ತು ನಿಮಿಷದೊಳಗೆ ಎಲ್ಲ ಕೀಲು ಕೂತಿರಬೇಕು, ಆದ್ದರಿಂದ ಹಗ್ಗ ಮೊದಲೇ ಕೈಗೆ ಸಿಗುವಂತಿರಲಿ.

ನಾಲ್ಕೂ ಕಾಲಿಗೆ ಬಟ್ಟೆ ಇಟ್ಟು, ಅದರ ಮೇಲೆ ನೂಲಿನ ಹಗ್ಗ ಎರಡು ಸುತ್ತು ಹಾಕಿ ಗಂಟು ಬಿಗಿಯಿರಿ. ಎರಡು ಎಳೆಗಳ ನಡುವೆ ಗೇಣುದ್ದದ ಕೋಲು ತೂರಿಸಿ ತಿರುವಿ. ಚಕ್ಕಡಿಯಲ್ಲಿ ಹೊಟ್ಟಿನ ಹೇರು ಬಿಗಿದದ್ದನ್ನು ನೋಡಿದವರಿಗೆ ಹೇಳಬೇಕಿಲ್ಲ. ಕೀಲಿನ ಸಂದಿಯಿಂದ ಅಂಟು ಸಾಲಾಗಿ ಮಣಿಮಣಿಯಂತೆ ಹೊರಬಂದರೆ ಸಾಕು, ಕೋಲನ್ನು ಅಡ್ಡಪಟ್ಟಿಗೆ ಕಟ್ಟಿಬಿಡಿ. ಆ ಮಣಿಗಳನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ. ಒಣಗಿದರೆ ಅಲ್ಲಿ ಪಾಲಿಶ್ ಹತ್ತದೆ ಕಲೆ ಉಳಿಯುತ್ತದೆ.

ಈಗ ಒಂದು ದಾರ ತೆಗೆದುಕೊಂಡು ಕಾಲಿನಿಂದ ಎದುರು ಮೂಲೆಯ ಕಾಲಿಗೆ ಅಳೆಯಿರಿ, ಆಮೇಲೆ ಉಳಿದೆರಡಕ್ಕೆ. ಎರಡೂ ಅಳತೆ ಒಂದೇ ಇರಬೇಕು. ಇಲ್ಲದಿದ್ದರೆ ಉದ್ದವಾದ ಕಡೆಯ ಎರಡು ಕಾಲನ್ನು ಒಳಕ್ಕೆ ಒತ್ತಿ ಸರಿಮಾಡಿ. ಸಮನಾದ ನೆಲದ ಮೇಲಿಟ್ಟು ನಾಲ್ಕೂ ಕಾಲು ತಾಗುತ್ತವೆಯೇ ನೋಡಿ. ಈ ಎರಡು ನಿಮಿಷ ಉಳಿಸಲು ಹೋಗಿ ನಾನೇ ಒಂದು ಕುರ್ಚಿಯನ್ನು ಜನ್ಮವಿಡೀ ಕುಂಟುವಂತೆ ಮಾಡಿದ್ದೇನೆ.

ಆಮೇಲೆ ಮುಟ್ಟಬೇಡಿ. ನಮ್ಮ ಮೈದುನ ನಾಲ್ಕು ತಾಸಿಗೇ, ‘ವೈನಿ, ಗಟ್ಟಿ ಆಗೇತಿ ನೋಡ್ರಿ’ ಅಂತ ಕೂತು ತೋರಿಸಿದ. ಶುಕ್ರವಾರ ಸಂಜೆಯಿಂದ ಮತ್ತೆ ಶುರು. ಮಳೆಗಾಲದಲ್ಲಿ ಇನ್ನೊಂದು ದಿನ ಬಿಟ್ಟರೂ ನಷ್ಟವಿಲ್ಲ.

ಅಂಟು ಒಣಗುವಾಗ: ಹಸನು

ಇದರಲ್ಲಿ ವಿದ್ಯೆಯೇನಿಲ್ಲ. ಒಂದು ಸಲಕ್ಕೆ ಒಂದೇ ಕಪಾಟು ತೆಗೆಯಿರಿ. ಮನೆಯೆಲ್ಲ ಹರವಿದರೆ ರಾತ್ರಿ ಮಲಗಲು ಜಾಗ ಇರುವುದಿಲ್ಲ. ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ ಮೋಡ್ಕಾಕ್ಕೆ, ಅಂದರೆ ಗುಜರಿಗೆ. ನೂಲಿನ ಸೀರೆಗಳು ಕೌದಿಗೆ, ನೈಲಾನ್ ಬೇಡ, ಬೆವರು ಹೀರುವುದಿಲ್ಲ. ಹಳೇ ಸೀರೆಗೆ ಭಾಂಡೆ ಕೊಡುವವಳು ಬಂದರೆ ಚೌಕಾಸಿ ಮಾಡಿ, ಆದರೆ ಇನ್ನೊಂದು ಪ್ಲಾಸ್ಟಿಕ್ ಟಬ್ ಒಳಗೆ ತರಬೇಡಿ.

ರದ್ದಿಯವನ ತಕ್ಕಡಿಗೆ ಹಾಕುವ ಮುಂಚೆ ಪ್ರತಿ ಪುಸ್ತಕವನ್ನೂ ಬೆನ್ನು ಹಿಡಿದು ಕೊಡವಿ. ನಮ್ಮ ಟ್ರಂಕಿನ ತಳಕ್ಕೆ ಹಾಸಿದ್ದ ಹಳದಿಯಾದ ಪೇಪರಿನ ಕೆಳಗೆ ನಮ್ಮ ಹೊಲದ ಉತಾರ (ಪಹಣಿ) ಮಡಚಿಟ್ಟಿತ್ತು, ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿ.

ರವಿವಾರ: ಎಣ್ಣೆ

ಹಗ್ಗ ಬಿಚ್ಚಿ. 120 ನಂಬರಿನ, ಆಮೇಲೆ 220ರ ಸ್ಯಾಂಡ್ ಪೇಪರಿನಿಂದ ಹೊರಮೈಯನ್ನಷ್ಟೇ ಕಟ್ಟಿಗೆಯ ಎಳೆಯ ಗುಂಟ ತಿಕ್ಕಿ. ಹೊಳೆಯುವ ವಾರ್ನಿಶ್ ನನಗೆ ಸೇರದು, ಅಗಸಿ ಎಣ್ಣೆಯೇ ಚಂದ. ಚಟ್ನಿಪುಡಿಯ ಅದೇ ಅಗಸಿ. ಆದರೆ ಗಾಣದ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ಪೇಂಟ್ ಅಂಗಡಿಯಲ್ಲಿ ಬಾಯ್ಲ್ಡ್ ಲಿನ್ಸೀಡ್ ಅಂತ ಕೇಳಿ ತನ್ನಿ. ಕೊಬ್ಬರಿ ಎಣ್ಣೆ ಬಳಿದರೆ ಅದು ಒಣಗುವುದೇ ಇಲ್ಲ, ಹುಬ್ಬಳ್ಳಿಯ ಧೂಳೆಲ್ಲ ನಿಮ್ಮ ಕುರ್ಚಿಗೇ. ತೆಳ್ಳಗೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಕುಡಿಯದೆ ಉಳಿದದ್ದನ್ನು ಪೂರಾ ಒರೆಸಿ.

ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯಾಗಿ ಬಿದ್ದ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ಹಿತ್ತಲ ತಂತಿಗೆ ಒಂದೊಂದಾಗಿ ಬಿಡಿಸಿ ಹಾಕಿ, ಪೂರ್ತಿ ಒಣಗಿ ಬಿರುಸಾದ ಮೇಲೆಯೇ ಕಸದ ಗಾಡಿಗೆ ಕೊಡಿ.