ಮೇಲ್ ಲೈಬ್ರರಿಯಿಂದ ಸೆಟ್ಟಿಂಗ್ ಫೈಲ್ ತೆಗೆದೆ: ನನ್ನ ಅನುಭವ

ನಮ್ಮ ತಂಡದಲ್ಲಿ ಸ್ಪ್ರಿಂಗ್ ಬೂಟ್ (ಜಾವಾದಲ್ಲಿ ಅಪ್ಲಿಕೇಶನ್ ಕಟ್ಟುವ ಫ್ರೇಮ್‌ವರ್ಕ್) ಬಳಸುವ ಆರೇಳು ಅಪ್ಲಿಕೇಶನ್‌ಗಳಿದ್ದವು. ಎಲ್ಲವೂ ಮೇಲ್ ಕಳಿಸಬೇಕಿತ್ತು. ಒಂದರಲ್ಲಿ ಬರೆದ ಕೋಡನ್ನೇ ಇನ್ನೊಂದಕ್ಕೆ ಕಾಪಿ ಮಾಡಿಕೊಳ್ಳುತ್ತಿದ್ದೆವು. ಇದನ್ನು ಒಂದೇ ಕಡೆ ತರೋಣ ಅಂತ ನಾನು ಎಲ್ಲ ಅಪ್ಲಿಕೇಶನ್‌ಗಳೂ ಬಳಸಬಹುದಾದ ಒಂದು ಲೈಬ್ರರಿ ಮಾಡ್ಯೂಲ್ ಮಾಡಿದೆ. ಟೆಂಪ್ಲೇಟ್ ತುಂಬುವುದು, ಅಟ್ಯಾಚ್‌ಮೆಂಟ್ ಸೇರಿಸುವುದು, ಕಳಿಸುವುದು ಎಲ್ಲ ಅದರಲ್ಲೇ. ಬಳಸುವವರಿಗೆ ಸುಲಭ ಆಗಲಿ ಎಂದು ಸರ್ವರ್ ಹೆಸರು, ಪೋರ್ಟ್, ಕಳಿಸುವವರ ವಿಳಾಸ, ಪಾಸ್‌ವರ್ಡ್ ಕೂಡ ಲೈಬ್ರರಿಯೊಳಗಿನ ಅಪ್ಲಿಕೇಶನ್ ಡಾಟ್ ಪ್ರಾಪರ್ಟೀಸ್ ಫೈಲ್‌ನಲ್ಲಿ ಇಟ್ಟೆ. ಅಪ್ಲಿಕೇಶನ್‌ಗೆ ಈ ಲೈಬ್ರರಿಯನ್ನು ಡಿಪೆಂಡೆನ್ಸಿಯಾಗಿ ಸೇರಿಸಿದರೆ ಸಾಕು, ಮೇಲ್ ಹೋಗುತ್ತೆ. ನಾನು ಮಾಡಿದ ತಪ್ಪು ಅದೇ.

ಮೊದಲ ಅಪ್ಲಿಕೇಶನ್‌ಗೆ ಸೇರಿಸಿದಾಗಲೇ ಮೇಲ್ ಸೆಂಡರ್ ಬೀನ್ (ಮೇಲ್ ಕಳಿಸಲು ಸ್ಪ್ರಿಂಗ್ ಮಾಡಿಕೊಡುವ ಆಬ್ಜೆಕ್ಟ್) ಸಿಗುತ್ತಿಲ್ಲ ಎಂದು ಎರರ್ ಬಂತು. ಸೆಟ್ಟಿಂಗ್ ಫೈಲ್ ಲೈಬ್ರರಿಯ ಜಾರ್ (ಕೋಡ್ ಪ್ಯಾಕ್ ಮಾಡಿದ ಫೈಲ್) ಒಳಗೆ ಇದೆ, ನಾನು ಬಿಚ್ಚಿ ನೋಡಿದ್ದೆ. ಆದರೆ ಅಪ್ಲಿಕೇಶನ್‌ನಲ್ಲೂ ಅದೇ ಹೆಸರಿನ ಫೈಲ್ ಇತ್ತು. ಕ್ಲಾಸ್‌ಪಾತ್‌ನಲ್ಲಿ, ಅಂದರೆ ಜಾವಾ ಫೈಲ್ ಹುಡುಕುವ ಜಾಗಗಳಲ್ಲಿ, ಒಂದೇ ಹೆಸರಿನ ಎರಡು ಫೈಲ್ ಇದ್ದರೆ ಸ್ಪ್ರಿಂಗ್ ಬೂಟ್ ಅವನ್ನು ಸೇರಿಸಿ ಓದುವುದಿಲ್ಲ. ಮೊದಲು ಸಿಕ್ಕಿದ್ದನ್ನು ಮಾತ್ರ ಓದುತ್ತೆ. ಅಪ್ಲಿಕೇಶನ್‌ನ ಫೈಲ್ ಮೊದಲು ಸಿಕ್ಕಿತು, ನನ್ನದು ಮರೆಯಾಯಿತು. ಸೆಟ್ಟಿಂಗ್‌ಗಳನ್ನು ಅಪ್ಲಿಕೇಶನ್‌ನ ಫೈಲ್‌ಗೂ ಬರೆದುಬಿಟ್ಟೆವು, ಕೆಲಸ ನಡೆಯಿತು. ಆಗಲೇ ನಿಂತು ಯೋಚಿಸಬೇಕಿತ್ತು.

ಮುಂದೆ ಬಂದ ಅಪ್ಲಿಕೇಶನ್ ಸೆಟ್ಟಿಂಗ್‌ಗೆ ಯಾಮಲ್ ಎಂಬ ಇನ್ನೊಂದು ಬಗೆಯ ಫೈಲ್ ಬಳಸುತ್ತಿತ್ತು. ಅವರು ಅದರಲ್ಲಿ ಟೆಸ್ಟ್ ಸರ್ವರ್‌ನ ಹೆಸರನ್ನು ಸರಿಯಾಗಿಯೇ ಬರೆದಿದ್ದರು. ಆದರೂ ಅವರ ಟೆಸ್ಟ್ ಮೇಲ್‌ಗಳು ನಿಜವಾದ ಬಳಕೆದಾರರ ಇನ್‌ಬಾಕ್ಸ್‌ಗೆ ಹೋದವು. ಇಲ್ಲಿ ಎರಡು ಫೈಲ್‌ಗಳ ಎಕ್ಸ್‌ಟೆನ್ಷನ್ ಬೇರೆ, ಆದ್ದರಿಂದ ಎರಡನ್ನೂ ಓದುತ್ತೆ. ಒಂದೇ ಜಾಗದಲ್ಲಿ ಪ್ರಾಪರ್ಟೀಸ್ ಫೈಲೂ ಯಾಮಲ್ ಫೈಲೂ ಇದ್ದರೆ ಪ್ರಾಪರ್ಟೀಸ್‌ನಲ್ಲಿ ಇರುವುದೇ ಗೆಲ್ಲುತ್ತೆ. ಅವರ ಸೆಟ್ಟಿಂಗ್ ಮೇಲೆ ನನ್ನ ಲೈಬ್ರರಿ ಕುಳಿತಿತ್ತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಅವರು ತಮ್ಮ ಫೈಲನ್ನೇ ಮತ್ತೆ ಮತ್ತೆ ನೋಡುತ್ತಾ ಅರ್ಧ ದಿನ ಕಳೆದರು ಎಂದು ಕೇಳಿ ನನಗೆ ತುಂಬಾ ಬೇಸರವಾಯಿತು.

ಯಾವ ಸರ್ವರ್ ಮೂಲಕ, ಯಾರ ಹೆಸರಲ್ಲಿ ಮೇಲ್ ಹೋಗಬೇಕು ಅನ್ನುವುದು ಅಪ್ಲಿಕೇಶನ್‌ಗೆ ಗೊತ್ತಿರುವ ವಿಷಯ. ಲೈಬ್ರರಿ ಅದನ್ನು ಊಹಿಸಲೇಬಾರದು. ಆ ವಾರವೇ ಫೈಲನ್ನು ತೆಗೆದೆ. ತೆಗೆದರೂ ಪಾಸ್‌ವರ್ಡ್ ಗಿಟ್‌ನ (ಕೋಡಿನ ಹಳೆಯ ಆವೃತ್ತಿಗಳನ್ನು ಉಳಿಸುವ ಟೂಲ್) ಹಿಸ್ಟರಿಯಲ್ಲಿ ಉಳಿದೇ ಇರುತ್ತೆ ಅಲ್ವಾ, ಹಾಗಾಗಿ ಅದನ್ನೂ ಬದಲಾಯಿಸಿದೆವು. ಈಗ ಅದು ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ, ಅಂದರೆ ಕೋಡಿನ ಹೊರಗೆ ಸರ್ವರ್‌ನಲ್ಲಿ ಇಟ್ಟ ಮೌಲ್ಯದಿಂದ, ಬರುತ್ತೆ.

ಫೈಲ್ ಬದಲು ಲೈಬ್ರರಿಯಲ್ಲಿ ಒಂದು ಕಾನ್ಫಿಗರೇಶನ್ ಪ್ರಾಪರ್ಟೀಸ್ ಕ್ಲಾಸ್ ಬರೆದೆ; ಅಪ್ಲಿಕೇಶನ್ ಕೊಡುವ ಸೆಟ್ಟಿಂಗ್‌ಗಳನ್ನು ಓದಿಕೊಳ್ಳುವ ಕ್ಲಾಸ್ ಅದು. ಸೆಟ್ಟಿಂಗ್ ಹೆಸರುಗಳ ಮುಂದೆ ನಮ್ಮದೇ ಪ್ರಿಫಿಕ್ಸ್ ಕೊಟ್ಟೆ, ಸ್ಪ್ರಿಂಗ್‌ನ ಸ್ವಂತ ಮೇಲ್ ಸೆಟ್ಟಿಂಗ್ ಜೊತೆ ಗೊಂದಲ ಆಗಬಾರದು ಎಂದು. ಸರ್ವರ್ ಹೆಸರು ಮತ್ತು ಕಳಿಸುವವರ ವಿಳಾಸಕ್ಕೆ ಡೀಫಾಲ್ಟ್ ಇಲ್ಲ. ಎರಡರಲ್ಲಿ ಒಂದು ಖಾಲಿ ಇದ್ದರೂ ಅಪ್ಲಿಕೇಶನ್ ಶುರುವಾಗುವುದಿಲ್ಲ, ಯಾವುದು ಬಿಟ್ಟುಹೋಗಿದೆ ಎಂದು ಹೇಳಿ ನಿಲ್ಲುತ್ತೆ. ಇದು ಜಾಸ್ತಿ ಆಯಿತು ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಡಿಪ್ಲಾಯ್ ಮಾಡುವವರ ಕಣ್ಣೆದುರೇ ನಿಂತರೆ ಐದು ನಿಮಿಷದ ಕೆಲಸ. ಯಾರೋ ಪಾಸ್‌ವರ್ಡ್ ಮರೆತು ರೀಸೆಟ್ ಮೇಲ್‌ಗೆ ಕಾಯುವಾಗ ಗೊತ್ತಾದರೆ ತೊಂದರೆ ಅವರಿಗೆ. ಬೀನ್‌ಗೆ ಕಂಡೀಷನಲ್ ಆನ್ ಮಿಸ್ಸಿಂಗ್ ಬೀನ್ (ಬೇರೆ ಬೀನ್ ಇಲ್ಲದಿದ್ದರೆ ಮಾತ್ರ ಇದನ್ನು ಮಾಡು ಎಂಬ ಗುರುತು) ಹಾಕಿದ್ದರಿಂದ, ಬೇರೆ ರೀತಿ ಬೇಕಾದ ಅಪ್ಲಿಕೇಶನ್ ತನ್ನದೇ ಸೆಂಡರ್ ಕೊಡಬಹುದು.

ಡೀಫಾಲ್ಟ್ ಬೇಕಾದ ಜಾಗಗಳೂ ಇವೆ. ಅದರಲ್ಲಿ ಮೊದಲನೆಯದು ಟೈಮ್‌ಔಟ್. ಸ್ಪ್ರಿಂಗ್ ಒಳಗೆ ಬಳಸುವ ಜಾವಾ ಮೇಲ್ ಲೈಬ್ರರಿಯಲ್ಲಿ, ನಾವೇ ಹೇಳದಿದ್ದರೆ, ಕನೆಕ್ಟ್ ಮಾಡುವ, ಓದುವ, ಬರೆಯುವ ಮೂರೂ ಟೈಮ್‌ಔಟ್‌ಗೆ ಮಿತಿಯೇ ಇಲ್ಲ. ಸರ್ವರ್ ಉತ್ತರ ಕೊಡದಿದ್ದರೆ ಥ್ರೆಡ್ (ಅಪ್ಲಿಕೇಶನ್‌ನೊಳಗೆ ಒಂದು ಕೆಲಸ ನಡೆಸುವ ಎಳೆ) ಸುಮ್ನೆ ಕಾಯುತ್ತಾ ಕೂರುತ್ತೆ. ಹಾಗೆ ಹತ್ತಾರು ಥ್ರೆಡ್ ಕೂತರೆ ಮೇಲ್‌ಗೆ ಸಂಬಂಧವೇ ಇಲ್ಲದ ಪೇಜ್‌ಗಳೂ ನಿಲ್ಲುತ್ತವೆ. ಲೈಬ್ರರಿಯಲ್ಲಿ ಮೂರಕ್ಕೂ 5 ಸೆಕೆಂಡ್ ಇಟ್ಟೆ. ಬೇಕಾದವರು ಬದಲಾಯಿಸಿಕೊಳ್ಳಬಹುದು.

ಇನ್ನೊಂದು ಟಿಎಲ್‌ಎಸ್, ಅಂದರೆ ಕನೆಕ್ಷನ್ ಅನ್ನು ಎನ್‌ಕ್ರಿಪ್ಟ್ ಮಾಡುವ ವಿಧಾನ. 465ನೇ ಪೋರ್ಟ್‌ನಲ್ಲಿ ಕನೆಕ್ಷನ್ ಶುರುವಿನಿಂದಲೇ ಎನ್‌ಕ್ರಿಪ್ಟ್ ಆಗಿರುತ್ತೆ. 587ರಲ್ಲಿ ಮೊದಲು ಸಾದಾ ಮಾತು, ಆಮೇಲೆ ಸ್ಟಾರ್ಟ್‌ಟಿಎಲ್‌ಎಸ್ ಆದೇಶದಿಂದ ಎನ್‌ಕ್ರಿಪ್ಷನ್ ಶುರು. 465ಕ್ಕೆ ಸಾದಾ ರೀತಿಯಲ್ಲಿ ಹೋದರೆ ಎರಡೂ ಕಡೆಯವರು ಪರಸ್ಪರರ ಮಾತಿಗೆ ಕಾಯುತ್ತಾ ನಿಲ್ಲುತ್ತಾರೆ. ಟೈಮ್‌ಔಟ್ ಇರದಿದ್ದರೆ ಇದು ಕೊನೆಯಾಗುವುದೇ ಇಲ್ಲ. ಇದಕ್ಕಿಂತ ಸೂಕ್ಷ್ಮವಾದ ವಿಷಯ ಒಂದಿದೆ. ಸ್ಟಾರ್ಟ್‌ಟಿಎಲ್‌ಎಸ್ ಅನ್ನು 'ಎನೇಬಲ್' ಮಾಡಿದರೆ ಸಾಲದು. ಸರ್ವರ್ ಅದನ್ನು ಕೊಡದಿದ್ದರೆ ಎನ್‌ಕ್ರಿಪ್ಷನ್ ಇಲ್ಲದೇ ಮುಂದುವರಿಯುತ್ತೆ. 'ರಿಕ್ವೈರ್ಡ್' ಎಂದು ಹಾಕಿದರೆ ಮಾತ್ರ ಅಲ್ಲೇ ನಿಲ್ಲುತ್ತೆ. ನಾನು ರಿಕ್ವೈರ್ಡ್ ಹಾಕಿದೆ. ಅಕ್ಷರಗಳಿಗೆ ಯುಟಿಎಫ್-8, ಅದರಲ್ಲಿ ಚರ್ಚೆ ಇರಲಿಲ್ಲ.

ಕಳಿಸಲು ಆಗದಿದ್ದರೆ ಮತ್ತೆ ಪ್ರಯತ್ನಿಸುವ ಕೆಲಸವನ್ನು ಲೈಬ್ರರಿಯೊಳಗೆ ಇಡಲಿಲ್ಲ. ಸರ್ವರ್ 4ರಿಂದ ಶುರುವಾಗುವ ಕೋಡ್ ಕೊಟ್ಟರೆ ತೊಂದರೆ ತಾತ್ಕಾಲಿಕ, 5ರಿಂದಾದರೆ ಹಾಗೇ ಮತ್ತೆ ಕಳಿಸಿ ಪ್ರಯೋಜನವಿಲ್ಲ. ಲೈಬ್ರರಿ ಈ ಎರಡಕ್ಕೆ ಬೇರೆ ಬೇರೆ ಎಕ್ಸೆಪ್ಷನ್ (ತಪ್ಪಿನ ಸೂಚನೆ) ಕೊಡುತ್ತೆ. ಯಾವಾಗ ಮತ್ತೆ ಕಳಿಸಬೇಕು ಅನ್ನುವುದನ್ನು ಅಪ್ಲಿಕೇಶನ್ ತನ್ನ ಕ್ಯೂನಲ್ಲಿ ನೋಡಿಕೊಳ್ಳುತ್ತೆ.

ಸ್ಪ್ರಿಂಗ್ ಬೂಟ್ 3ಕ್ಕೆ ಹೋದಾಗ ಪ್ಯಾಕೇಜ್‌ಗಳ ಹೆಸರು ಜಾವಾಎಕ್ಸ್‌ನಿಂದ ಜಕಾರ್ತಾ ಆಯಿತು. ಅದು ಕಂಪೈಲ್ ಮಾಡುವಾಗಲೇ ಗೊತ್ತಾಯಿತು. ಗೊತ್ತಾಗದೇ ಹೋಗಿದ್ದು ಆಟೋ ಕಾನ್ಫಿಗರೇಶನ್ (ಲೈಬ್ರರಿ ಸೇರಿಸಿದ ಕೂಡಲೇ ಅದರ ಬೀನ್‌ಗಳನ್ನು ತಾನಾಗಿ ಸಿದ್ಧಪಡಿಸುವ ಕ್ಲಾಸ್) ನೋಂದಾಯಿಸುವ ಜಾಗ. ಹಳೆಯ ಸ್ಪ್ರಿಂಗ್ ಡಾಟ್ ಫ್ಯಾಕ್ಟರೀಸ್ ಫೈಲನ್ನು ಅದಕ್ಕಾಗಿ ಈಗ ನೋಡುವುದೇ ಇಲ್ಲ. 2.7ರಲ್ಲಿ ಬಂದ ಇಂಪೋರ್ಟ್ಸ್ ಫೈಲ್‌ನಲ್ಲಿ ಕ್ಲಾಸ್ ಹೆಸರು ಬರೆಯಬೇಕು. ಬರೆಯದಿದ್ದರೆ ಇಡೀ ಮಾಡ್ಯೂಲ್ ಸದ್ದಿಲ್ಲದೆ ಸುಮ್ಮನಿರುತ್ತೆ.

ಈಗ ಲೈಬ್ರರಿಯ ಟೆಸ್ಟ್‌ಗಳು ಗ್ರೀನ್‌ಮೇಲ್ ಎಂಬ ಟೆಸ್ಟ್ ಸರ್ವರ್ ಮೇಲೆ ಓಡುತ್ತವೆ, ಮೇಲ್ ಎಲ್ಲಿಗೂ ಹೊರಗೆ ಹೋಗುವುದಿಲ್ಲ. ಜೊತೆಗೆ ಒಂದು ಚಿಕ್ಕ ಟೆಸ್ಟ್ ಬರೆದಿದ್ದೇನೆ. ಅದು ಜಾರ್ ಬಿಚ್ಚಿ ನೋಡುತ್ತೆ. ಒಳಗೆ ಅಪ್ಲಿಕೇಶನ್ ಎಂಬ ಹೆಸರಿನ ಪ್ರಾಪರ್ಟೀಸ್ ಅಥವಾ ಯಾಮಲ್ ಫೈಲ್ ಸಿಕ್ಕರೆ ಬಿಲ್ಡ್ ಅಲ್ಲಿಗೇ ನಿಲ್ಲುತ್ತೆ.