ದೂರು ಕೊಟ್ಟದ್ದಕ್ಕೇ ಸೇಡು ಅಂತ ಕೋರ್ಟಿನಲ್ಲಿ ತೋರಿಸುವುದು ಹೇಗೆ
ಮಂಗಳೂರಿನ ಆಫೀಸಿನಲ್ಲಿ ಲೈಂಗಿಕ ಕಿರುಕುಳದ ದೂರು ಕೊಟ್ಟಿರಿ, ಮುಂದಿನ ತಿಂಗಳೇ ಉಡುಪಿಗೆ ವರ್ಗ. ಸೇಡಿಗೆ ಮಾಡಿದ್ದು ಅಂತ ಯಾವ ಬಾಸೂ ಬರೆದುಕೊಡುವುದಿಲ್ಲ, ಅಲ್ವಾ? ಹಾಗಾಗಿ ತಾರೀಖುಗಳೇ ಮಾತಾಡಬೇಕು. ದೂರಿಗೆ ಮುಂಚಿನ ಒಳ್ಳೆಯ ಅಪ್ರೈಸಲ್, ದೂರಿನ ಪ್ರತಿ, ಅದು ಮ್ಯಾನೇಜರಿಗೆ ಗೊತ್ತಿತ್ತು ಅನ್ನುವ ಇಮೇಲ್, ಆಮೇಲೆ ಬಂದ ಮೆಮೊ, ಎಲ್ಲವನ್ನೂ ಸಾಲಾಗಿ ಜೋಡಿಸಿ. ಅದೇ ಹುದ್ದೆಯ ಬೇರೆಯವರನ್ನು ವರ್ಗ ಮಾಡಿಲ್ಲ ಅಂತ ತೋರಿಸಿದರೆ ಕೇಸು ಇನ್ನೂ ಗಟ್ಟಿ. ವಾಟ್ಸಾಪ್ ಮೆಸೇಜನ್ನು ಸುಮ್ನೆ ಪ್ರಿಂಟ್ ಹಾಕಿದರೆ ಸಾಲದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಸರ್ಟಿಫಿಕೇಟ್, ಅಂದರೆ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ದೃಢೀಕರಣ ಪತ್ರ, ಬೇಕು. ಮೂಲ ಮೆಸೇಜ್ ಇರುವ ಹಳೇ ಫೋನ್ ಮಾರಬೇಡಿ.

ಕಿರುಕುಳದ ದೂರಿಗೆ ಗಡುವು 3 ತಿಂಗಳು, ಸರಿಯಾದ ಕಾರಣವಿದ್ದರೆ ಇನ್ನೂ 3 ತಿಂಗಳು ಸಿಗಬಹುದು. 10ಕ್ಕಿಂತ ಕಡಿಮೆ ಜನರಿರುವ ಅಂಗಡಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ. ಮತ್ತೆ, ಎಷ್ಟೇ ಒತ್ತಾಯ ಮಾಡಿದರೂ ವಕೀಲರನ್ನು ಕೇಳದೆ ರಾಜೀನಾಮೆ ಬರೆಯಬೇಡಿ.